ದಲ್ಲಾಳಿಯ ಕಾಯಕವೂ ಶುದ್ಧವಾಗಲಿ

ಶರಣಧರ್ಮದಲ್ಲಿ ಕಾಯಕಗಳೊಳಗೆ ಮೇಲು ಕೀಳೆಂಬುದಿಲ್ಲ. ಶುದ್ಧ ಅಶುದ್ಧವೆಂಬುದು ಮಾತ್ರ ಉಂಟು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮಡಿವಾಳ ಮಾಚಯ್ಯನವರು ಬಟ್ಟೆಯನ್ನು ಮಡಿ ಮಾಡಿದರು, ಅಂಬಿಗರ ಚೌಡಯ್ಯನವರು ಹುಟ್ಟು ಹಾಕಿ ದೋಣಿ ನಡೆಸಿದರು, ಬಸವಣ್ಣನವರು ಬಿಜ್ಜಳನ ಭಂಡಾರವನ್ನು ಕಾಯ್ದರು. ಇವರೆಲ್ಲರ ಕೆಲಸ ಬೇರೆ, ಕಾಯಕದ ನಿಷ್ಠೆ ಒಂದೇ. ಹೀಗಿರಲು, ನೆಲವನ್ನು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯವಹಾರವನ್ನು ಕುದುರಿಸುವ ದಲ್ಲಾಳಿಯ ವೃತ್ತಿಯು ಕಾಯಕವಾಗಬಲ್ಲುದೇ? ಅಂಬಿಗನೂ ಎರಡು ದಡಗಳ ನಡುವೆ ನಿಂತವನೇ. ಅವನು ಕೂಲಿ ಪಡೆದುದು ಹುಟ್ಟು ಹಾಕಿದ ಶ್ರಮಕ್ಕೆ. ಹೊಳೆಯ ಆಳವನ್ನರಿಯದ ಪಯಣಿಗನ ಅಂಜಿಕೆಗಲ್ಲ. ಈ ಭೇದವನ್ನು ಅರಿತವನಿಗೆ ದಲ್ಲಾಳಿತನವೂ ಕಾಯಕವಾದೀತು. ಅರಿಯದವನಿಗೆ ಅದು ಬರಿಯ ಹೊಟ್ಟೆಪಾಡು.

ಬೆಂಗಳೂರಿನ ಉತ್ತರಕ್ಕೆ, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಕೊಡಿಗೇಹಳ್ಳಿಯೆಂಬ ಊರಿದೆ. 'ಕೊಡಿಗೆ'ಯೆಂದರೆ ಕೊಟ್ಟದ್ದು, ದತ್ತಿ. ಕೆರೆಯನ್ನು ಕಟ್ಟಿದವನಿಗೆ, ಊರಿನ ಸೇವೆ ಮಾಡಿದವನಿಗೆ ಬಿಟ್ಟ ಭೂಮಿಯನ್ನು ಕನ್ನಡ ಶಾಸನಗಳು ಈ ಬಗೆಯ ಮಾತಿನಿಂದಲೇ ಕರೆದಿವೆ. ಇಂತಹ ಹೆಸರನ್ನು ಹೊತ್ತ ಊರಿನಲ್ಲಿ ಇಂದು ನೆಲವು ಚದರ ಅಡಿಯ ಲೆಕ್ಕದಲ್ಲಿ ಮಾರಾಟವಾಗುತ್ತಿರುವುದು. ಬ್ಯಾಟರಾಯನಪುರ ನಗರಸಭೆಯ ಪ್ರದೇಶವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರಿಹೋಯಿತು. ಮರುವರ್ಷ, ಎಂದರೆ 2008ರ ಮೇ ತಿಂಗಳಿನಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆಯಿತು. ಬಳ್ಳಾರಿ ರಸ್ತೆಯ ಎಡಬಲದ ಹೊಲ ತೋಟಗಳು ಬಡಾವಣೆಗಳಾದುವು. ರಾಗಿಯ ಹೊಲವು ನಿವೇಶನವಾಯಿತು. ಯಾವ ಸರ್ವೆ ನಂಬರು ಯಾರದು, ಯಾವ ಅಣ್ಣತಮ್ಮಂದಿರಲ್ಲಿ ಪಾಲಾಗಿಲ್ಲ, ಯಾವ ಮನೆಯವರಿಗೆ ಮದುವೆಯ ಖರ್ಚಿಗೆ ಹಣ ಬೇಕಾಗಿದೆ ಎಂಬುದನ್ನು ಬಲ್ಲವನೇ ದಲ್ಲಾಳಿಯಾದನು. ಅವನಿಗೆ ಅಂಗಡಿಯಿಲ್ಲ, ಸರಕಿಲ್ಲ. ಇತರರಿಗೆ ತಿಳಿಯದುದು ತನಗೆ ತಿಳಿದಿದೆಯೆಂಬುದೇ ಅವನ ಬಂಡವಾಳ.

ಆ ಬಂಡವಾಳವು ಈಗ ಕರಗುತ್ತಲಿದೆ. ಪಹಣಿಗಳು ಭೂಮಿ ಯೋಜನೆಯಿಂದ ಗಣಕಯಂತ್ರವನ್ನು ಸೇರಿ ಎರಡು ದಶಕಗಳೇ ಕಳೆದುವು. ಕೇವಲ ಅಧಿಕಾರಪತ್ರದ ಮೂಲಕ ನಡೆದ ಮಾರಾಟದಿಂದ ಸ್ವತ್ತಿನ ಒಡೆತನವು ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿತು. ಋಣಭಾರ ಪತ್ರವನ್ನು ಇಂದು ಮನೆಯಲ್ಲಿ ಕುಳಿತೇ ತರಿಸಿಕೊಳ್ಳಬಹುದು. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಇ-ಖಾತೆಯಿಲ್ಲದೆ ನೋಂದಣಿಯಾಗದೆಂಬ ನಿಯಮವು ಬಂದಿತು. ಮಾರುವ ಮನೆ, ಬಾಡಿಗೆಯ ಮನೆ, ಅವುಗಳ ಚಿತ್ರ, ಬೆಲೆ, ಎಲ್ಲವೂ ಅಂಗೈಯ ಫೋನಿನಲ್ಲಿ ಕಾಣುವುವು. ದಲ್ಲಾಳಿಯೇ ಬೇಡವೆಂಬ ಮಾತನ್ನು ತನ್ನ ಹೆಸರಾಗಿಸಿಕೊಂಡ 'ನೋ ಬ್ರೋಕರ್' ಎಂಬ ಸಂಸ್ಥೆಯು 2014ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿಯೇ ನೆಲೆಗೊಂಡಿದೆ.

ಇವೆಲ್ಲಕ್ಕಿಂತ ನೇರವಾಗಿ ದಲ್ಲಾಳಿಯನ್ನು ಮುಟ್ಟಿದುದು 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆ. ಜನರ ಬಾಯಲ್ಲಿ ಅದು 'ರೇರಾ'. 2017ರ ಮೇ 1ರಿಂದ ಅದು ಪೂರ್ಣವಾಗಿ ಜಾರಿಗೆ ಬಂದಿತು. ಅದರಂತೆ ನೋಂದಣಿಯಾಗಬೇಕಾದ ಬಡಾವಣೆ, ವಸತಿ ಸಮುಚ್ಚಯಗಳ ಮಾರಾಟದಲ್ಲಿ ಕೈಹಾಕುವ ದಲ್ಲಾಳಿಯು ತಾನೂ ನೋಂದಾಯಿಸಿಕೊಳ್ಳಬೇಕು. ನೋಂದಣಿಯಿಲ್ಲದ ಯೋಜನೆಯನ್ನು ಮಾರಿಸಬಾರದು. ಲೆಕ್ಕದ ಪುಸ್ತಕಗಳನ್ನು ಇಡಬೇಕು. ಇಲ್ಲದ ಸೌಕರ್ಯವನ್ನು ಉಂಟೆಂದು ನುಡಿಯಬಾರದು. ಕೊಳ್ಳುವವನಿಗೆ ಸಲ್ಲಬೇಕಾದ ಕಾಗದಪತ್ರಗಳು ದೊರೆಯುವಂತೆ ನೆರವಾಗಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಸ್ವತ್ತಿನ ಬೆಲೆಯಲ್ಲಿ ನೂರಕ್ಕೆ 5ರವರೆಗೆ ದಂಡ.

ಇದನ್ನು ಕಂಡು ಹಳಬನಾದ ದಲ್ಲಾಳಿಯ ಮನಸ್ಸು ಕುದಿಯುವುದು ಸಹಜ. ಇಪ್ಪತ್ತು ವರ್ಷ ಬಿಸಿಲಿನಲ್ಲಿ ಅಲೆದವನಿಗೆ, ಒಂದು ಫೋನು ತನ್ನ ಅನ್ನವನ್ನು ಕಸಿಯಿತೆಂದು ತೋರುವುದು. ಮಕ್ಕಳ ಶಾಲೆಯ ಶುಲ್ಕ, ಮನೆಯ ಸಾಲದ ಕಂತು, ಇವು ಕಾಯಿದೆಗಾಗಿ ಕಾಯುವುದಿಲ್ಲ. ಈ ಸಂಕಟವನ್ನು ಹಗುರವಾಗಿ ಕಾಣಲಾಗದು. ಆದರೆ ಸಂಕಟದ ಮೂಲವೆಲ್ಲಿ ಎಂಬುದನ್ನು ಅವನು ತನ್ನೊಳಗೇ ಶೋಧಿಸಬೇಕು. ತಾನು ಇಷ್ಟು ಕಾಲ ಪಡೆದುದರಲ್ಲಿ ಶ್ರಮದ ಪಾಲೆಷ್ಟು, ಎದುರಿನವನ ಅಜ್ಞಾನದ ಪಾಲೆಷ್ಟು? ಕಳೆದುಹೋದುದು ಎರಡನೆಯದಾದರೆ ಅದು ತನ್ನದಾಗಿಯೇ ಇರಲಿಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆಯು ಇಲ್ಲಿ ದಾರಿದೀಪವಾಗುವುದು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ಇದು ಆಸೆಯಿಂದ ಬಂದುದೆಂದು ಅರಿತು, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಆ ಅಕ್ಕಿಯು ಕದ್ದುದಲ್ಲ, ಬೇಡಿ ತಂದುದೂ ಅಲ್ಲ. ಆದರೂ ಅಂದಿನ ಕಾಯಕಕ್ಕೆ ಸಲ್ಲುವುದಕ್ಕಿಂತ ಅದು ಹೆಚ್ಚಾಗಿತ್ತು, ಅಷ್ಟೇ ದೋಷ.

ಈ ಅಳತೆಗೋಲನ್ನು ಕೊಡಿಗೇಹಳ್ಳಿಯ ಒಂದು ವ್ಯವಹಾರಕ್ಕೆ ಹಿಡಿದು ನೋಡಬಹುದು. ನಿವೃತ್ತನಾದ ಒಬ್ಬ ಗೃಹಸ್ಥನು ಭವಿಷ್ಯನಿಧಿಯ ಹಣವನ್ನೆಲ್ಲ ಹಿಡಿದು 30 ಅಡಿಗೆ 40 ಅಡಿಯ ನಿವೇಶನವನ್ನು ಅರಸಿ ಬಂದನೆಂದು ಭಾವಿಸೋಣ. ದಲ್ಲಾಳಿಯ ಬಳಿ ಎರಡು ನಿವೇಶನಗಳಿವೆ. ಒಂದರ ಕಾಗದ ಸರಿಯಾಗಿದೆ. ಅದರಲ್ಲಿ ರೂಢಿಯಂತೆ ನೂರಕ್ಕೆ ಒಂದೋ ಎರಡೋ ದೊರೆಯುವುದು. ಇನ್ನೊಂದು ಭೂಪರಿವರ್ತನೆಯಾಗದ, ಮಂಜೂರಾದ ನಕ್ಷೆಯಿಲ್ಲದ, 'ಬಿ' ಖಾತೆಯ ಸ್ವತ್ತು. ಅದನ್ನು ಮಾರಿಸಿಕೊಟ್ಟರೆ ಒಡೆಯನು ಗುಟ್ಟಾಗಿ ಮೂರು ಪಾಲು ಹೆಚ್ಚು ಕೊಡುವನು. ಇದು ಯಾರೋ ಒಬ್ಬರ ಒಂಟಿ ನಿವೇಶನದ ಮರುಮಾರಾಟವಾದುದರಿಂದ ರೇರಾದ ಕಟ್ಟು ಇಲ್ಲಿಗೆ ತಲುಪದು. ದಂಡವಿಲ್ಲ, ಕೇಳುವವರಿಲ್ಲ. ಕಾಯಿದೆಯ ಕೈ ನಿಂತಲ್ಲಿಂದಲೇ ಧರ್ಮದ ಪರೀಕ್ಷೆಯು ಆರಂಭವಾಗುವುದು. ಆ ಮೂರು ಪಾಲು ಯಾವ ಶ್ರಮದ ಕೂಲಿ? ಮುಚ್ಚಿಟ್ಟ ಒಂದು ಮಾತಿನ ಕೂಲಿಯಲ್ಲದೆ ಬೇರೇನೂ ಅಲ್ಲ. ಆ ಹಣವು ಮನೆಗೆ ಬಂದ ದಿನ 'ಇಂದೇಕೆ ಇಷ್ಟು ಹೆಚ್ಚು?' ಎಂದು ಕೇಳುವ ಲಕ್ಕಮ್ಮನು ಆ ಮನೆಯಲ್ಲಿರುವಳೇ ಎಂಬುದೇ ಪ್ರಶ್ನೆ. ಗೃಹಿಣಿಯರೂ ಇದನ್ನು ಮನಗಾಣಬೇಕು. ಕಾಯಕಶುದ್ಧಿಯ ಕಾವಲು ಅರ್ಧ ಮನೆಯೊಳಗಿದೆ.

ಲೆಕ್ಕ ಇಡಬೇಕೆಂಬ ಕಟ್ಟಳೆಯು ಅನೇಕರಿಗೆ ಕಿರುಕುಳವೆಂದು ತೋರಿದೆ. ಚಾಡಿಕೋರರ ಮಾತಿಗೆ ಕಿವಿಗೊಟ್ಟು ಬಿಜ್ಜಳನು ಭಂಡಾರದ ಲೆಕ್ಕವನ್ನು ಕೇಳಿದಾಗ ಬಸವಣ್ಣನವರು ಮುನಿಯಲಿಲ್ಲ, ತೋರಿಸಿದರು. ಎಲ್ಲವೂ ಸರಿಯಾಗಿತ್ತೆಂದು ಶರಣರ ಚರಿತೆಗಳು ಹೇಳುವುವು. ಪರರ ಒಡವೆಯನ್ನು ಮುಟ್ಟುವ ಕಾಯಕದವನಿಗೆ ಲೆಕ್ಕವು ಅವಮಾನವಲ್ಲ, ಆಭರಣ.

ಆದರೆ ಒಂದು ಎಚ್ಚರಿಕೆ ಅವಶ್ಯ. ನೋಂದಣಿಯ ಸಂಖ್ಯೆಯನ್ನು ಹಲಗೆಯ ಮೇಲೆ ಬರೆಸಿದ ಮಾತ್ರಕ್ಕೆ ಮನಸ್ಸು ಬದಲಾಗದು. ವಿಭೂತಿಯು ಹಣೆಯಲ್ಲಿದ್ದು ಭಕ್ತಿಯು ಒಳಗಿಲ್ಲದಿದ್ದರೆ ಅದು ಬರಿಯ ಲಾಂಛನವೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದರು. ಈ ಸಂಖ್ಯೆಯೂ ಒಂದು ಲಾಂಛನವೇ. ಕಾಲಕ್ಕೆ ಹೊಂದಿಕೊಳ್ಳುವುದೆಂದರೆ ಹೊಸ ಕಾಯಿದೆಯ ಸಂದುಗಳನ್ನು ಹುಡುಕುವುದಲ್ಲ. ಫೋನು ಮಾಡಲಾರದುದನ್ನು ತಾನು ಮಾಡುವುದು. ಫೋನು ಚಿತ್ರವನ್ನು ತೋರಿಸೀತು; ಮಳೆಗಾಲದಲ್ಲಿ ಆ ಬೀದಿಯಲ್ಲಿ ನೀರು ನಿಲ್ಲುವುದೆಂದು ಹೇಳದು. ಇ-ಖಾತೆಯು ಹೆಸರನ್ನು ತೋರಿಸೀತು; ಆ ಮನೆಯ ಹೆಣ್ಣುಮಕ್ಕಳ ಸಹಿ ಬಿದ್ದಿದೆಯೇ ಎಂದು ಮೂಲಪತ್ರಗಳನ್ನು ಕೂತು ಓದದು. ಮುದುಕರ ಜತೆಗೆ ಉಪನೋಂದಣಾಧಿಕಾರಿಯ ಕಚೇರಿಯವರೆಗೆ ನಡೆದು ಬಾರದು. 'ಈ ಸ್ವತ್ತು ಬೇಡ ಸ್ವಾಮಿ' ಎಂದು ಹೇಳಿ, ಬರುವ ಹಣವನ್ನು ಬಿಟ್ಟುಕೊಡುವ ಧೈರ್ಯವಂತೂ ಯಂತ್ರಕ್ಕಿಲ್ಲ. ಅಂಥ ಒಂದು ಮಾತಿಗೆ ಅಂದು ಕೂಲಿ ದೊರೆಯದೆ ಹೋಗಬಹುದು. ಮುಂದೆ ದೊರೆತೇ ತೀರುವುದೆಂದೂ ಭರವಸೆಯಿಲ್ಲ. ಲಕ್ಕಮ್ಮನವರು ಅಕ್ಕಿಯನ್ನು ಮರಳಿಸಿದುದು ನಾಳೆ ಹೆಚ್ಚು ಬರಲೆಂದಲ್ಲ. ಇಂದಿನ ಪ್ರಸಾದವು ಶುದ್ಧವಾಗಿರಲೆಂದು.

ಕೊಳ್ಳುವ ಗೃಹಸ್ಥನೂ ಇದರಿಂದ ಹೊರತಲ್ಲ. ದಲ್ಲಾಳಿಯನ್ನು ಕಳ್ಳನೆಂದು ಜರೆಯುವವನೇ ಕ್ರಯಪತ್ರದಲ್ಲಿ ಬೆಲೆಯನ್ನು ಇಳಿಸಿ ಬರೆಸಲು ಹವಣಿಸುವುದುಂಟು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿಯನ್ನೂ ಅದಕ್ಕೆ ಮೇಲ್ಪಟ್ಟುದನ್ನೂ ನಗದಾಗಿ ಪಡೆಯಬಾರದೆಂದು 2015ರಿಂದ ನಿಷೇಧವಿದ್ದರೂ, ಗಂಟು ಕಟ್ಟಿ ಕೊಡುವ ಕೈ ಅವನದೇ. ಶ್ರಮಪಟ್ಟ ದಲ್ಲಾಳಿಗೆ ಒಪ್ಪಿದ ಕೂಲಿಯನ್ನು ಕೊಡದೆ, ಬೆನ್ನ ಹಿಂದೆ ಒಡೆಯನೊಡನೆ ವ್ಯವಹಾರ ಮುಗಿಸುವವನೂ ಪರಧನವನ್ನೇ ಅಪಹರಿಸಿದಂತಾಯಿತು. ಮೂವರೂ ಶುದ್ಧರಾದಲ್ಲದೆ ನಡುವಿನವನೊಬ್ಬನ ಶುದ್ಧಿಯು ನಿಲ್ಲದು.

ನೆಲವು ಯಾರೂ ಮಾಡಿದುದಲ್ಲ, ಶಿವನ ಕೊಡಿಗೆ. ಮಾರುವವನೂ ಕೊಳ್ಳುವವನೂ ನಾಲ್ಕು ದಿನದ ಖಾತೆದಾರರು. ಅದು ಕೈಯಿಂದ ಕೈಗೆ ದಾಟುವಾಗ ನಡುವೆ ನಿಂತವನು ಅಂಬಿಗನಂತೆ ನಿಲ್ಲಲಿ. ಹೊಳೆಯ ಸುಳಿಯೆಲ್ಲಿದೆಯೆಂದು ಮೊದಲೇ ಹೇಳಲಿ. ತನ್ನ ಹುಟ್ಟಿನ ಶ್ರಮಕ್ಕೆ ತಕ್ಕ ಕೂಲಿಯನ್ನು ಸಂಕೋಚವಿಲ್ಲದೆ ಪಡೆದು, ಅದರಲ್ಲಿ ದಾಸೋಹದ ಪಾಲನ್ನು ತೆಗೆದಿಡಲಿ. ಕಾಲವು ಎಷ್ಟು ಸಲ ಬದಲಾದರೂ ಅಂಥವನ ಕಾಯಕಕ್ಕೆ ಕುಂದಿಲ್ಲ.