ಆಪ್ತರ ಪಟ್ಟಿಯಲ್ಲಿ ಸಣ್ಣ ದೇಶ

2009ರ ಮೇ 7ರಂದು ಆಸ್ಟ್ರಿಯಾದ ವಿಜ್ಞಾನ ಸಚಿವ ಯೋಹಾನೆಸ್ ಹಾನ್, ತಮ್ಮ ದೇಶ ಜಿನೀವಾದ ಕಣಭೌತವಿಜ್ಞಾನ ಸಂಸ್ಥೆಯಾದ ಸರ್ನ್ ಅನ್ನು ಬಿಡಲಿದೆ ಎಂದು ಪ್ರಕಟಿಸಿದರು. ಐವತ್ತು ವರ್ಷದ ಸದಸ್ಯತ್ವ ಅದು. ಕೊಡುತ್ತಿದ್ದದ್ದು ವರ್ಷಕ್ಕೆ ಸುಮಾರು 2 ಕೋಟಿ ಯೂರೊ. ಸರ್ನ್‌ನ ಬಜೆಟ್ಟಿನಲ್ಲಿ ಶೇ. 2ಕ್ಕಿಂತ ತುಸು ಹೆಚ್ಚು, ಆದರೆ ಅಂತರರಾಷ್ಟ್ರೀಯ ವಿಜ್ಞಾನ ಸಂಸ್ಥೆಗಳಿಗೆಂದು ಆಸ್ಟ್ರಿಯಾ ಎತ್ತಿಟ್ಟ ಹಣದಲ್ಲಿ ಶೇ. 70. ಸಾಲದ್ದಕ್ಕೆ ಅಲ್ಲಿನ ಕಣಗಳನ್ನು ಡಿಕ್ಕಿ ಹೊಡೆಸುವ 27 ಕಿ.ಮೀ. ಸುತ್ತಳತೆಯ ಹೊಸ ಯಂತ್ರ, ಹಿಂದಿನ ಸೆಪ್ಟೆಂಬರಿನಲ್ಲಿ ಚಾಲೂ ಆದ ಒಂಬತ್ತೇ ದಿನಕ್ಕೆ ಕೆಟ್ಟು ಕೂತಿತ್ತು. ಹನ್ನೊಂದು ದಿನಗಳ ಬಳಿಕ ಚಾನ್ಸಲರ್ ವೆರ್ನರ್ ಫೈಮಾನ್ ಆ ತೀರ್ಮಾನವನ್ನು ತಳ್ಳಿಹಾಕಿದರು. ಸುದ್ದಿ ತಣ್ಣಗಾಯಿತು, ಪ್ರಶ್ನೆ ಮಾತ್ರ ಉಳಿಯಿತು. ಸರ್ನ್‌ನ ಒಪ್ಪಂದದ ಪ್ರಕಾರ ಅಲ್ಲಿ ಕಂಡುಕೊಂಡದ್ದನ್ನೆಲ್ಲ ಲೋಕಕ್ಕೆ ತೆರೆದಿಡಬೇಕು. ಪುಕ್ಕಟೆಯಾಗಿ ಸಿಗುವ ಅರಿವಿಗೆ ಸಣ್ಣ ದೇಶವೊಂದು ಬೆಲೆ ತೆರುವುದೇಕೆ?

ಇದು ಲೆಕ್ಕಪತ್ರದ ಪ್ರಶ್ನೆಯಂತೆ ಕಂಡರೂ ಒಳಗಿರುವುದು ಪ್ರಮಾಣಶಾಸ್ತ್ರದ, ಅಂದರೆ ಅರಿವು ಯಾವ ದಾರಿಯಿಂದ ಬರುತ್ತದೆಂಬ, ಪ್ರಶ್ನೆ. ಸರ್ನ್‌ನಲ್ಲಿ ಸಿಕ್ಕ ಹಿಗ್ಸ್ ಕಣ ಇದೆ ಎಂದು ನಾವು 'ಬಲ್ಲೆವು' ಅನ್ನುತ್ತೇವಲ್ಲ, ಯಾವ ಪ್ರಮಾಣದಿಂದ? ಪ್ರತ್ಯಕ್ಷವಂತೂ ಅಲ್ಲ; ಹುಟ್ಟಿದ ಕ್ಷಣದಲ್ಲೇ ಅಳಿದುಹೋಗುವ ಆ ಕಣವನ್ನು ಯಾರೂ ನೋಡಿಲ್ಲ. ಪರಮಾಣುವನ್ನು ಯಾರಾದರೂ ಕಂಡಿದ್ದಾರೆಯೇ ಎಂದು ಅದೇ ಆಸ್ಟ್ರಿಯಾದ ವಿಯೆನ್ನಾದಲ್ಲಿ ಹಟ ಹಿಡಿದಿದ್ದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್‌ಗೆ ಈ ಸುದ್ದಿ ರುಚಿಸುತ್ತಿರಲಿಲ್ಲ. ಪ್ರತ್ಯಕ್ಷವನ್ನಷ್ಟೇ ಒಪ್ಪುವ ನಮ್ಮ ಚಾರ್ವಾಕರಿಗೂ ಅಷ್ಟೆ. ಅನುಮಾನ, ಅಂದರೆ ಕುರುಹಿನಿಂದ ತರ್ಕಿಸಿ ತಿಳಿದದ್ದು, ಎನ್ನೋಣವೆಂದರೆ, ಆ ಅನುಮಾನದ ಎಲ್ಲ ಮೆಟ್ಟಿಲನ್ನೂ ಹತ್ತಿದ ಒಬ್ಬನೇ ಒಬ್ಬ ಮನುಷ್ಯನೂ ಇಲ್ಲ. 2015ರಲ್ಲಿ ಈ ಕಣದ ದ್ರವ್ಯರಾಶಿಯನ್ನು ತಿಳಿಸಿದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಬರೀ ಹೆಸರುಗಳಿಗೇ ಹೋಗಿವೆ. ಸಂವೇದಕ ಕಟ್ಟಿದವರು ಗಣಕದ ಲೆಕ್ಕವನ್ನು ನಂಬಿದರು, ಲೆಕ್ಕದವರು ಅಯಸ್ಕಾಂತದವರನ್ನು ನಂಬಿದರು. ಉಳಿದದ್ದು ಶಬ್ದಪ್ರಮಾಣ, ಅಂದರೆ ನಂಬಲರ್ಹನಾದ ಆಪ್ತನ ಮಾತು. ಬೌದ್ಧ ತಾರ್ಕಿಕರೂ ವೈಶೇಷಿಕರೂ ಶಬ್ದವನ್ನು ಅನುಮಾನದೊಳಗೇ ಅಡಗಿಸಿಬಿಟ್ಟರು. ಅದಕ್ಕೆ ಬೇರೆಯೇ ಮಣೆ ಹಾಕಿದವರು ನ್ಯಾಯದರ್ಶನದ ನೈಯಾಯಿಕರು. ಕಣಭೌತವಿಜ್ಞಾನದ ಮಟ್ಟಿಗೆ ನೈಯಾಯಿಕರ ಮಾತೇ ಹೆಚ್ಚು ಸರಿ ಎಂದು ನನಗೆ ತೋರುತ್ತದೆ.

ಹಾಗಾದರೆ ಇದು ಕುರುಡು ನಂಬಿಕೆ, ಮತದ ಗ್ರಂಥದಂತೆಯೇ ಒಂದು, ಎಂದು ಆಕ್ಷೇಪಿಸಬಹುದು. ನ್ಯಾಯಭಾಷ್ಯ ಬರೆದ ವಾತ್ಸ್ಯಾಯನ ಆಪ್ತನೆಂದರೆ ಯಾರೆಂದು ಹೇಳಿರುವುದು ಇಲ್ಲಿ ನೆರವಿಗೆ ಬರುತ್ತದೆ: ವಿಷಯವನ್ನು ತಾನೇ ಕಂಡುಕೊಂಡವನು ಮತ್ತು ಕಂಡಂತೆ ಹೇಳಬಯಸುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಆತ ಸೇರಿಸುತ್ತಾನೆ. ಅಂದರೆ ಆಪ್ತತ್ವ ಹುಟ್ಟಿನಿಂದ ಬರುವುದಲ್ಲ, ಪೀಠದಿಂದಲೂ ಅಲ್ಲ. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಪ್ರಯೋಗದವರು, ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸ್ಸೊವರೆಗಿನ ಸುಮಾರು 730 ಕಿ.ಮೀ. ದಾರಿಯಲ್ಲಿ ನ್ಯೂಟ್ರಿನೊಗಳು ಬೆಳಕಿಗಿಂತ 60 ನ್ಯಾನೊಸೆಕೆಂಡು ಮುಂಚೆ ತಲುಪುತ್ತಿವೆ ಎಂದರು. ಹೇಳಿದವರು ಅಡ್ಡಾದಿಡ್ಡಿ ಜನರಲ್ಲ. ಆದರೂ ಲೋಕ ತಲೆದೂಗಲಿಲ್ಲ. ಗ್ರಾನ್ ಸಾಸ್ಸೊದ ಅದೇ ಪ್ರಯೋಗಾಲಯದ ಇಕಾರಸ್ ತಂಡ ಅಳೆದು ಹಾಗೇನಿಲ್ಲ ಎಂದಿತು, ಒಪೆರಾದವರೇ ಹುಡುಕಿದಾಗ ಸಡಿಲವಾಗಿದ್ದ ಒಂದು ಫೈಬರ್ ಕೇಬಲ್ ಸಿಕ್ಕಿತು. ಇಲ್ಲಿ ಆಪ್ತವಾಕ್ಯವನ್ನು ಇನ್ನೊಬ್ಬ ಆಪ್ತ ಒರೆಗೆ ಹಚ್ಚುತ್ತಾನೆ. ಆದರೆ ಒರೆಗೆ ಹಚ್ಚಲು ಅವನ ಕೈಯೂ ಯಂತ್ರದೊಳಗೆ ಆಡಿರಬೇಕು.

ಸಣ್ಣ ದೇಶದ ಪಾಲಿಗೆ ಅರ್ಥ ಬರುವುದು ಇಲ್ಲಿಯೇ. ಇದನ್ನು ಅಳಿಲು ಸೇವೆ ಎಂದು ಹೊಗಳುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಅಳಿಲು ಮರಳು ಉದುರಿಸದಿದ್ದರೂ ಸೇತುವೆ ನಿಲ್ಲುತ್ತಿತ್ತು, ಅದರ ಭಕ್ತಿಯೇ ಅಲ್ಲಿ ದೊಡ್ಡದು. ವಿಯೆನ್ನಾದ ಉನ್ನತ ಶಕ್ತಿ ಭೌತವಿಜ್ಞಾನ ಸಂಸ್ಥೆ ಸರ್ನ್‌ನ ಸಿಎಂಎಸ್ ಶೋಧಕದಲ್ಲಿ ಸಿಲಿಕಾನ್ ಟ್ರ್ಯಾಕರಿಗೂ, ಯಾವ ಡಿಕ್ಕಿಯನ್ನು ಉಳಿಸಿಕೊಳ್ಳಬೇಕು ಯಾವುದನ್ನು ಬಿಡಬೇಕು ಎಂದು ಆರಿಸುವ ಟ್ರಿಗರಿಗೂ ದುಡಿದಿದೆ. ಆ ತುಣುಕಿನ ಮಟ್ಟಿಗೆ ಅವರೇ ಆಪ್ತರು, ಜರ್ಮನಿಯೂ ಅವರ ಮಾತನ್ನು ಕೇಳಬೇಕು. ಹೊರಬಂದ ದೇಶಕ್ಕೂ ಪ್ರಬಂಧಗಳು ಸಿಗುತ್ತಿದ್ದವು, ನಿಜ. ಆದರೆ ಅಲ್ಲಿನ ಮೇಷ್ಟ್ರು ಹುಡುಗರಿಗೆ 'ಹೀಗಂತೆ' ಎನ್ನಬಹುದಿತ್ತೇ ಹೊರತು 'ಹೀಗೆ' ಎನ್ನಲು ಆಗುತ್ತಿರಲಿಲ್ಲ.

ಹಾನ್ ಅವರ ವಾದದಲ್ಲಿ ತೂಕವಿಲ್ಲದಿರಲಿಲ್ಲ. ಒಂದೇ ಕಡೆ ಶೇ. 70 ಸುರಿದರೆ ಉಳಿದ ವಿದ್ಯೆಗಳು ಬಡವಾಗುತ್ತವೆ; ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಒಟ್ಟು ಹಣವೇ ಸಣ್ಣದಾಗಿತ್ತು ಎನ್ನಬಹುದಷ್ಟೆ. ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಸದಸ್ಯರಲ್ಲದ ದೇಶಗಳೂ ಪ್ರಯೋಗಗಳಲ್ಲಿ ದುಡಿಯುತ್ತಿವೆ, ಅಮೆರಿಕವೇ ಸಾಕ್ಷಿ. ಇದನ್ನು ಒಪ್ಪಲೇಬೇಕು. ಆಪ್ತತ್ವ ಚಂದಾ ಹಣದಿಂದ ಬರುವುದಿಲ್ಲ, ಕೈಕೆಲಸದಿಂದ ಬರುತ್ತದೆ. ಆದರೂ ಸುರಂಗ ತೋಡುವ ಖರ್ಚನ್ನು ಯಾರಾದರೂ ಹೊರಬೇಕಲ್ಲ. ಮುಂದೆ ಯಾವ ಯಂತ್ರ ಕಟ್ಟಬೇಕೆಂದು ತೀರ್ಮಾನಿಸುವ ಸರ್ನ್ ಮಂಡಳಿಯಲ್ಲಿ ಸದಸ್ಯ ದೇಶಕ್ಕೆ, ಚಿಕ್ಕದಿರಲಿ ದೊಡ್ಡದಿರಲಿ, ಒಂದೊಂದು ಮತ. ಆಸ್ಟ್ರಿಯಾ ಉಳಿದದ್ದು ಸರಿಯಾಯಿತು.

ಮೂರು ವರ್ಷಗಳ ನಂತರ, 2012ರಲ್ಲಿ, ಹಿಗ್ಸ್ ಕಣ ಸಿಕ್ಕಿತೆಂದು ಸಿಎಂಎಸ್ ತಂಡ ಪ್ರಬಂಧ ಪ್ರಕಟಿಸಿತು. ಅದರ ಲೇಖಕರ ಪಟ್ಟಿ ದೇಶಗಳ ಹೆಸರಿನ ಅಕ್ಷರಕ್ರಮದಲ್ಲಿದೆ. ಮೊದಲು ಬರುವುದು ಆರ್ಮೇನಿಯಾದ ಯೆರೆವಾನ್, ಎರಡನೆಯದು ವಿಯೆನ್ನಾ.