ಗಣಕದ ಮೊದಲ ಪಾಠವೂ ಪರಭಾಷೆಯೂ

ಕನ್ನಡದಲ್ಲಿ ಓದಿ ಕಾಲೇಜು ಸೇರಿದ ವಿದ್ಯಾರ್ಥಿಯು ಗಣಕಶಾಸ್ತ್ರದ ಮೊದಲ ಪರೀಕ್ಷೆಯಲ್ಲಿ ಸೋತರೆ, ಸೋತುದು ಅವನ ಬುದ್ಧಿಯೋ, ಅವನ ಇಂಗ್ಲಿಷೋ? ಇದನ್ನು ವಿಚಾರಿಸದೆ ಅಂಕವನ್ನು ಕಳೆಯುವುದು ನ್ಯಾಯವೆ?

ಪೈಥಾನ್ ಎಂಬ ಗಣಕಭಾಷೆಯನ್ನೇ ನೋಡೋಣ. ಅದರಲ್ಲಿ ಇಫ್, ವೈಲ್, ರಿಟರ್ನ್ ಮೊದಲಾದ ಮೀಸಲು ಪದಗಳು 35 ಮಾತ್ರ. ಇವನ್ನು ಬರಿಯ ಚಿಹ್ನೆಗಳೆಂದೆಣಿಸಿ ಕೆಲವೇ ದಿನಗಳಲ್ಲಿ ಕಂಠಪಾಠ ಮಾಡಬಹುದು. ನಿಜವಾದ ಕ್ಲೇಶವಿರುವುದು ಯಂತ್ರವು ತೋರಿಸುವ ದೋಷವಾಕ್ಯಗಳಲ್ಲಿ, ಅದಕ್ಕಿಂತಲೂ ಪ್ರಶ್ನೆಯ ಸುತ್ತುಮಾತಿನಲ್ಲಿ. ‘ಅಟ್ ಲೀಸ್ಟ್ ಟೆನ್’ ಎಂದರೆ ಹತ್ತಕ್ಕೆ ಕಡಮೆಯೆಂದು ತಿಳಿದ ಹುಡುಗನು ಚಿಹ್ನೆಯನ್ನು ತಿರುಗಿಸಿ ಬರೆಯುವನು. ತಾನು ತಿಳಿದ ಪ್ರಶ್ನೆಗೆ ಅವನ ತರ್ಕವು ಸರಿಯಾಗಿಯೇ ಇರುತ್ತದೆ. ದೊರೆಯುವುದು ಮಾತ್ರ ಸೊನ್ನೆ.

ಇಂಗ್ಲಿಷಿಲ್ಲದೆ ಉದ್ಯೋಗವೆಲ್ಲಿ ಎಂದು ವಾಚಕಮಹಾಶಯರು ಕೇಳಬಹುದು. ದಿಟ, ಅದನ್ನೂ ಕಲಿಯಲೇಬೇಕು. ಆದರೆ ಒಬ್ಬನ ಬಾಕಿಯನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆಯುವುದನ್ನು ಅಂಗಡಿಯ ಗುಮಾಸ್ತನೂ ಒಪ್ಪನು. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯು ಬೆಲೆಗಳಿಗಿಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೂ ಸ್ವೀಕರಿಸುತ್ತದೆ; ಮೊತ್ತವನ್ನು ‘ಮೊತ್ತ’ವೆಂದೇ ಬರೆಯಬಹುದು. ಯಂತ್ರಕ್ಕೆ ಇಷ್ಟು ಔದಾರ್ಯವಿರುವಾಗ ಪರೀಕ್ಷಕರು ಬಿಗುಮಾನ ಹಿಡಿಯಬೇಕೆ? ಪ್ರಶ್ನಪತ್ರಿಕೆಯನ್ನು ಎರಡು ಭಾಷೆಗಳಲ್ಲಿ ಅಚ್ಚುಹಾಕಲು ಇನ್ನೊಂದೆರಡು ಹಾಳೆ ಬೇಕಾದೀತು, ಅಷ್ಟೆ.