ಅರಿವಿನ ಋಣ



ವಿದ್ಯೆ ದೊಡ್ಡದೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ವಿದ್ಯಾವಂತನ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬ ವಿಷಯದಲ್ಲಿ ಒಮ್ಮತವಿಲ್ಲ. ಜನಜೀವನದ ಒಂದು ತೊಡಕನ್ನು ಬಿಡಿಸುವುದಕ್ಕಾಗಿಯೇ ಕೈಗೊಳ್ಳುವ ಅನ್ವಯಿಕ ಸಂಶೋಧನೆಯಲ್ಲಂತೂ ಈ ಪ್ರಶ್ನೆ ತೀಕ್ಷ್ಣವಾಗಿ ಎದುರಾಗುತ್ತದೆ. ಉಪಾಯವನ್ನು ಕಂಡುಹಿಡಿಯುವುದಷ್ಟೇ ವಿಜ್ಞಾನಿಯ ಕೆಲಸ, ಅದನ್ನು ಬಳಸುವುದು ಬಿಡುವುದು ಸಮಾಜಕ್ಕೂ ಸರಕಾರಕ್ಕೂ ಸೇರಿದ್ದು ಎಂದು ಹಲವರು ಹೇಳುತ್ತಾರೆ. ಈ ಉತ್ತರ ಸಾಕೇ ಎಂಬುದನ್ನು ವಿವೇಚಿಸೋಣ.

ಶರಣರು ಅರಿವನ್ನೂ ಆಚಾರವನ್ನೂ ಬೇರ್ಪಡಿಸಲಿಲ್ಲ. ಕಾಯಕಕ್ಕೆ ದಾಸೋಹವನ್ನು ಜೋಡಿಸಿದರು. ದುಡಿದ ಫಲ ದುಡಿದವನಲ್ಲಿಯೇ ನಿಂತರೆ ಅದು ದುಡಿಮೆ ಎನಿಸೀತೇ ಹೊರತು ಕಾಯಕವೆನಿಸದು. ಪ್ರಯೋಗಶಾಲೆಯ ದುಡಿಮೆಗೂ ಈ ಮಾತು ಸಲ್ಲುವುದೇ?

ಮೊದಲು ಇಂಧನದ ವಿಷಯ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗಳ ಅಗತ್ಯಕ್ಕೆ ಅನ್ವಯಿಸುವುದು ಅದರ ಧ್ಯೇಯ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಅವರು ಇಂಧನದ ಲೆಕ್ಕ ತೆಗೆದಾಗ, ಬಳಕೆಯ ಬಹುಭಾಗ ವಿದ್ಯುತ್ತೂ ಅಲ್ಲ, ಸೀಮೆಎಣ್ಣೆಯೂ ಅಲ್ಲ, ಅಡುಗೆಯ ಸೌದೆ ಎಂಬುದು ತಿಳಿಯಿತು. ಅದನ್ನು ಆಯ್ದು ತರುವುದರಲ್ಲಿ ಹೆಂಗಸರ, ಮಕ್ಕಳ ಪಾಲು ದೊಡ್ಡದು. ಒಲೆಯ ಹೊಗೆಯನ್ನು ಕುಡಿಯುವವರೂ ಅವರೇ. ಈ ಅರಿವಿನಿಂದ ಹೊಗೆಕೊಳವೆಯುಳ್ಳ, ಕಡಿಮೆ ಸೌದೆ ಬೇಡುವ ‘ಅಸ್ತ್ರ ಒಲೆ’ ರೂಪುಗೊಂಡಿತು.

ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆ ಇನ್ನೂ ಬೋಧಪ್ರದವಾದುದು. ಸಗಣಿಯಿಂದ ಅನಿಲವನ್ನು ಪಡೆದು ಮನೆಮನೆಗೆ ಅಡುಗೆಗಾಗಿ ಒದಗಿಸಬೇಕೆಂಬುದು ಅಲ್ಲಿಯ ಮೊದಲ ಯೋಜನೆಯಾಗಿತ್ತು. ಊರಿಗೆಲ್ಲ ಸಾಲುವಷ್ಟು ಸಗಣಿ ದೊರೆಯದೆ ಅದು ಕೈಗೂಡಲಿಲ್ಲ. ಸಂಶೋಧಕರು ಅಷ್ಟಕ್ಕೇ ವರದಿ ಬರೆದು ಹಿಂದಿರುಗಬಹುದಾಗಿತ್ತು. ಹಾಗೆ ಮಾಡದೆ ಅದೇ ಅನಿಲದಿಂದ ಎಂಜಿನ್ ನಡೆಸಿ ವಿದ್ಯುತ್ತನ್ನು ಉತ್ಪಾದಿಸಿದರು. 1987ರಿಂದ ಮನೆಗಳಲ್ಲಿ ದೀಪ ಉರಿಯಿತು. ಮುಂದೆ ಕೊಳವೆಬಾವಿಯ ಕುಡಿಯುವ ನೀರೂ ನಲ್ಲಿಗೆ ಬಂದಿತು. ಸಗಣಿ ಕೊಟ್ಟ ಮನೆಗೆ ಗೊಬ್ಬರ ಮರಳಿ ಸಲ್ಲುತ್ತಿತ್ತು. ತಮ್ಮ ಉಪಾಯವನ್ನು ಊರಿನ ಮೇಲೆ ಹೇರದೆ, ಊರಿನ ಸ್ಥಿತಿಗೆ ತಕ್ಕಂತೆ ಅದನ್ನು ತಿದ್ದಿಕೊಂಡದ್ದೇ ಇಲ್ಲಿಯ ಹಿರಿಮೆ. ಜಂಗಮನಿಗೆ ಬೇಕಾದುದನ್ನು ಅರಿತು ನೀಡುವುದು ದಾಸೋಹ. ತನಗೆ ತೋಚಿದ್ದನ್ನು ನೀಡಿ ಕೈತೊಳೆದುಕೊಳ್ಳುವುದು ದಾಸೋಹವಲ್ಲ.

ಇನ್ನು ಶಿಕ್ಷಣ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠ ತಲುಪಿತು. ನಮ್ಮ ನಾಡಿನಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಬೇಸಾಯ, ಆರೋಗ್ಯ, ಮಕ್ಕಳ ಕಲಿಕೆ ಇವು ಅಲ್ಲಿಯ ವಿಷಯಗಳು. 1971ರಲ್ಲಿ ಕಾಲವಾದ ವಿಕ್ರಮ ಸಾರಾಭಾಯಿಯವರು ಕಂಡಿದ್ದ ಕನಸು ಅದು. ಆದರೆ ಉಪಗ್ರಹ ಪರರದ್ದು. ಅವಧಿ ಮುಗಿದಾಗ ಆ ಪಾಠವೂ ನಿಂತಿತು. ಆ ಅನುಭವದ ಬಲದಿಂದ ದೇಶ ತನ್ನದೇ ಇನ್ಸಾಟ್ ಉಪಗ್ರಹಗಳತ್ತ ಸಾಗಿದ್ದು ಸತ್ಯ. ಆದರೂ ಒಂದು ವರ್ಷ ಪಾಠ ಕೇಳಿದ ಹಳ್ಳಿಯ ಮಗುವಿಗೆ ಮರುವರ್ಷ ಯಾರು ಋಣಿ ಎಂಬ ಪ್ರಶ್ನೆಯನ್ನು ಈ ಸಾಧನೆ ಅಳಿಸಲಾರದು.

ರಕ್ಷಣೆಯ ವಿಷಯಕ್ಕೆ ಬಂದರೆ ಪ್ರಶ್ನೆ ಮತ್ತಷ್ಟು ಜಟಿಲವಾಗುತ್ತದೆ. 1980ರಲ್ಲಿ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಏರಿಸಿದ ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಹಂತವೇ 1989ರಲ್ಲಿ ಪರೀಕ್ಷೆಗೊಂಡ ಅಗ್ನಿ ಕ್ಷಿಪಣಿಗೂ ಮೊದಲ ಹಂತವಾಯಿತು. ವಿದ್ಯೆ ಒಂದೇ, ಫಲ ಎರಡು. ಇಲ್ಲಿ ಒಂದು ಆಕ್ಷೇಪ ಬರುತ್ತದೆ: ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆದು ಮಾರಿ ದಾಸೋಹ ನಡೆಸಿದರು, ಕೊಂಡವನು ಆ ಹಗ್ಗದಿಂದ ಹಸುವನ್ನು ಕಟ್ಟಿದನೋ ಮನುಷ್ಯನನ್ನು ಕಟ್ಟಿದನೋ ಹೊಸೆದವರಿಗೆ ಹೇಗೆ ತಿಳಿಯಬೇಕು? ಶುದ್ಧ ವಿಜ್ಞಾನದ ಮಟ್ಟಿಗೆ ಈ ಆಕ್ಷೇಪ ನ್ಯಾಯವಾದುದೇ. ಪರಮಾಣುವಿನ ಗುಣವನ್ನು ಅರಸಿದವನು ಅದರ ಮುಂದಿನ ಎಲ್ಲ ಫಲಗಳನ್ನೂ ಊಹಿಸಲಾರ. ಆದರೆ ಇಂಥವನನ್ನು ಕಟ್ಟಲು ಹಗ್ಗ ಬೇಕೆಂದು ಹೇಳಿಯೇ ಬಂದವನಿಗೆ ಹೊಸೆದುಕೊಟ್ಟ ಮೇಲೆ ‘ನಾನರಿಯೆ’ ಎನ್ನಲಾಗದು. ಅನ್ವಯಿಕ ಸಂಶೋಧಕನು ತನ್ನ ಗಿರಾಕಿಯನ್ನು ಬಲ್ಲ. ದೇಶಕ್ಕೆ ರಕ್ಷಣೆ ಬೇಡವೆಂದು ನಾವು ಹೇಳುತ್ತಿಲ್ಲ. ಗಡಿಯಲ್ಲಿ ನಿಂತ ಯೋಧನ ಕಾಯಕಕ್ಕೂ ಗೌರವವಿದೆ. ಬೇಕೆಂದು ಒಪ್ಪಿ ಮಾಡಿದವನು ಅದರ ಭಾರವನ್ನೂ ತನ್ನದೆಂದು ಹೊರಬೇಕು; ಅಷ್ಟನ್ನೇ ಧರ್ಮ ಕೇಳುತ್ತದೆ.

ರಕ್ಷಣೆ ಎಂದರೆ ಶಸ್ತ್ರವೊಂದೇ ಅಲ್ಲ. 1999ರ ಅಕ್ಟೋಬರಿನಲ್ಲಿ ಒಡಿಶಾ ಕರಾವಳಿಯನ್ನು ಮಹಾ ಚಂಡಮಾರುತ ಅಪ್ಪಳಿಸಿದಾಗ ಸುಮಾರು 10,000 ಜನ ಮಡಿದರು. ಆಗಲೂ ಆಕಾಶದಲ್ಲಿ ಉಪಗ್ರಹವಿತ್ತು, ಮುನ್ನೆಚ್ಚರಿಕೆಯೂ ಹೊರಟಿತ್ತು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮುಂಚಿತವಾಗಿಯೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಸಾವು 50ನ್ನು ಮೀರಲಿಲ್ಲ. ಈ ನಡುವೆ ಮುನ್ಸೂಚನೆಯ ವಿದ್ಯೆ ಬೆಳೆಯಿತು, ನಿಜ. ಅದರೊಡನೆ ಕರಾವಳಿಯಲ್ಲಿ ಆಶ್ರಯ ಕಟ್ಟಡಗಳು ಎದ್ದವು, ಎಚ್ಚರಿಕೆಯನ್ನು ಮೀನುಗಾರನ ಗುಡಿಸಲಿನವರೆಗೆ ಒಯ್ಯುವ ಜನ ಸಿದ್ಧರಾದರು. ಉಪಗ್ರಹದಿಂದ ಕರಾವಳಿಯ ಕಚೇರಿಗೆ ಬಂದ ಸುದ್ದಿ ಗುಡಿಸಲಿಗೆ ತಲುಪುವ ಆ ಕೊನೆಯ ಹಾದಿಯಲ್ಲಿಯೇ ಜೀವಗಳು ಉಳಿಯುತ್ತವೆ, ಅಳಿಯುತ್ತವೆ.

ಆದ್ದರಿಂದ ನಮ್ಮ ನಿಲುವು ಇಷ್ಟು: ಅನ್ವಯಿಕ ಸಂಶೋಧನೆ ಯಾರದೋ ಕಷ್ಟದಿಂದ ಆರಂಭವಾಗುತ್ತದೆ. ಸೌದೆ ಹೊರುವ ತಾಯಿ, ಓದು ಕಾಣದ ಮಗು, ಕಡಲಂಚಿನ ಬೆಸ್ತ, ಇವರ ಕಷ್ಟವೇ ಅದರ ಬಂಡವಾಳ. ಬಂಡವಾಳ ಕೊಟ್ಟವರಿಗೆ ಫಲ ಮುಟ್ಟುವವರೆಗೆ ಆ ಋಣ ತೀರದು. ಸರಕಾರದ ಪಾಲು ಇದರಲ್ಲಿ ದೊಡ್ಡದಿರಬಹುದು. ಅದು ವಿಜ್ಞಾನಿಯ ಪಾಲನ್ನು ಇಲ್ಲವಾಗಿಸದು.

ಈ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ಪ್ರಯೋಗಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಮಕ್ಕಳೇ, ನಿಮ್ಮ ಅನ್ನವೂ ಯಾವನೋ ರೈತ ಕಣದಲ್ಲಿ ಅಳೆದುಕೊಟ್ಟ ಜೋಳದಿಂದ ಬಂದದ್ದು. ಹೊಸ ಯೋಜನೆಯನ್ನು ಕೈಗೆತ್ತಿಕೊಳ್ಳುವಾಗ ಮೂರು ಮಾತುಗಳನ್ನು ಕೇಳಿಕೊಳ್ಳಿರಿ. ಇದು ಯಾರ ಕಷ್ಟ? ಅವರನ್ನು ಕೇಳಿದೆವೇ? ನಾವು ಹಿಂದಿರುಗಿದ ಮೇಲೂ ಅದು ಅವರ ಬಳಿ ಉಳಿದೀತೇ? ಉತ್ತರ ದೊರೆಯದಿದ್ದಲ್ಲಿ ಆ ಊರಿಗೆ ಇನ್ನೊಮ್ಮೆ ಹೋಗಿ ಬನ್ನಿರಿ.